ಸ್ಕಿಲಾಚಿಯ ಏಳನೇ ಗೋಲು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಹಳೆಯ ಫುಟ್‌ಬಾಲ್ ವಿಶ್ವಕಪ್ ಆಟಗಾರರ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಅದರಲ್ಲಿ ಇಟಲಿಯ ಸಾಲ್ವತೋರೆ ಸ್ಕಿಲಾಚಿಗೆ ನಾಲ್ಕು ಸಾಲು ಸಿಕ್ಕಿದೆ. ಒಂದು ತಿಂಗಳು ಮಿಂಚಿ ಮರೆಯಾದವನು ಅಂತ ಬರೆದಿದ್ದೀರಿ. ಇಟಲಿಗಾಗಿ ಅವನು ಹೊಡೆದದ್ದು ಒಟ್ಟು ಆರು ಗೋಲು ಅಂತಲೂ ಬರೆದಿದ್ದೀರಿ. ಎರಡೂ ತಪ್ಪು. ಎರಡನೆಯದು ಲೆಕ್ಕದ ತಪ್ಪು, ಬೇಗ ತಿದ್ದಬಹುದು. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನವನು. 1990ರಲ್ಲಿ ನನಗೆ 25 ವರ್ಷ. ಶಾಂತಿನಗರದ ಕಡೆ ಒಂದು ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಲಾರಿ ಟೈರ್ ಬಿಚ್ಚುವುದು, ಟ್ಯೂಬಿಗೆ ಪ್ಯಾಚ್ ಹಾಕುವುದು, ರಿಮ್ಮಿನ ತುಕ್ಕು ಕೆರೆಯುವುದು. ಭಾನುವಾರ ಬಂದರೆ ಬೂಟು ಕಟ್ಟಿಕೊಂಡು ಸಿ ಡಿವಿಷನ್ ತಂಡವೊಂದಕ್ಕೆ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಮುಂದಿನ ಸಾಲಿನಲ್ಲಿ, ಆಡುತ್ತಿದ್ದೆ.

ನಮ್ಮ ವಠಾರದಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹಿರಿಯರೊಬ್ಬರ ಮನೆ. ದೂರದರ್ಶನದಲ್ಲಿ ವಿಶ್ವಕಪ್ ಬರುತ್ತಿತ್ತು. ಇಟಲಿಯಲ್ಲಿ ರಾತ್ರಿ ಒಂಬತ್ತಕ್ಕೆ ಆಟ ಶುರುವಾದರೆ ನಮಗೆ ಹನ್ನೆರಡೂವರೆ. ಆ ಹಿರಿಯರು ಎಂಟು ಹತ್ತು ಹುಡುಗರನ್ನು ಒಳಗೆ ಕೂರಿಸಿಕೊಂಡು, ಅವರ ಹೆಂಡತಿಗೆ ನಿದ್ದೆ ಕೆಡಬಾರದು ಅಂತ ಶಬ್ದ ಪೂರ್ತಿ ಕಡಿಮೆ ಮಾಡಿ ಇಡುತ್ತಿದ್ದರು. ಗೋಲಾದರೆ ಕೂಗುವ ಹಾಗಿಲ್ಲ. ತೊಡೆ ತಟ್ಟಿಕೊಳ್ಳಬಹುದು, ಅಷ್ಟೇ.

ಜೂನ್ 9ರ ರಾತ್ರಿ ರೋಮ್‌ನಲ್ಲಿ ಇಟಲಿಗೆ ಆಸ್ಟ್ರಿಯಾ ಎದುರಾಳಿ. ಆತಿಥೇಯ ತಂಡ, ಎಲ್ಲರ ಬಾಯಲ್ಲೂ ಅದರ ಫಾರ್ವರ್ಡ್ ವಿಯಾಲಿ ಹೆಸರು. 75 ನಿಮಿಷ ಕಳೆದರೂ ಗೋಲಿಲ್ಲ. ಕೋಚ್ ವಿಚೀನಿ ಆಗ ಕಾರ್ನೆವಾಲೆಯನ್ನು ಹೊರಗೆ ಕರೆದು ಒಬ್ಬ ಕುಳ್ಳನನ್ನು ಇಳಿಸಿದರು. ಬೆನ್ನ ಮೇಲೆ 19. ಯಾರಪ್ಪಾ ಇವನು ಅಂತ ನಾವು ಮುಖ ಮುಖ ನೋಡಿಕೊಂಡೆವು. ಅವನು ಬಂದು ಮೂರ್ನಾಲ್ಕು ನಿಮಿಷ ಆಗಿತ್ತೋ ಇಲ್ಲವೋ, ಬಲಗಡೆಯಿಂದ ವಿಯಾಲಿ ಚೆಂಡನ್ನು ಮೇಲಕ್ಕೆತ್ತಿ ಹಾಕಿದ. ಎರಡು ಎತ್ತರದ ಡಿಫೆಂಡರ್‌ಗಳ ನಡುವೆ ಈ ಕುಳ್ಳ ಎದ್ದು ತಲೆ ಕೊಟ್ಟ. ಇಟಲಿ ಒಂದು, ಆಸ್ಟ್ರಿಯಾ ಸೊನ್ನೆ. ಆಮೇಲೆ ಅವನ ಕಣ್ಣು ಕಂಡವು. ಅಷ್ಟು ದೊಡ್ಡದಾಗಿ ಅರಳಿದ ಕಣ್ಣುಗಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಗೋಲು ಹೊಡೆದವನಿಗೇ ಅದು ನಂಬಿಕೆಯಾಗಿರಲಿಲ್ಲ.

ಆ 19ರ ಬಗ್ಗೆ ಒಂದು ಮಾತು. ಅದು ಆರಿಸಿಕೊಂಡ ಅಂಕೆ ಅಲ್ಲ. ಆಗಿನ ಇಟಲಿ ತಂಡದಲ್ಲಿ ಅಂಕೆಗಳನ್ನು ಹೆಸರಿನ ಅಕ್ಷರಗಳ ಸಾಲಿನಲ್ಲಿ ಹಂಚಿದ್ದರು. ಮುಂದಿನ ಸಾಲಿನವರಿಗೆ 15ರಿಂದ ಶುರು. ಬ್ಯಾಜಿಯೊ 15, ಕಾರ್ನೆವಾಲೆ 16, ಡೊನಡೋನಿ 17, ಮಂಚೀನಿ 18, ಸ್ಕಿಲಾಚಿ 19, ಸೆರೇನಾ 20, ವಿಯಾಲಿ 21. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗೊತ್ತಾದ ದಿನ ತುಂಬಾ ಖುಷಿಯಾಯಿತು. ಅವನು ಸಾಲಿನಲ್ಲಿ ನಿಂತು ತನ್ನ ಸರದಿ ಕಾದವನು ಅನ್ನೋದು ಜೆರ್ಸಿಯ ಮೇಲೇ ಇತ್ತಲ್ವಾ?

ಆಗ ನಾವೆಲ್ಲ ಅವನನ್ನು ಶಿಲಾಚಿ ಅನ್ನುತ್ತಿದ್ದೆವು. ಇಟಲಿಯವರು ಹೇಳುವುದು ಸ್ಕಿಲಾಚಿ. ಊರವರಿಗೆ ತೊತೊ. ಅವನು ಹುಟ್ಟಿದ್ದು 1964ರ ಡಿಸೆಂಬರ್ 1ರಂದು, ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ. ನನ್ನ ವಾರಿಗೆಯವನು. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಲೀಗ್ ಹಂತ ಮುಗಿಯುವ ಹೊತ್ತಿಗೆ ನನ್ನ ಗೆಳೆಯನೊಬ್ಬ ಇಂಗ್ಲಿಷ್ ಕ್ರೀಡಾ ಪತ್ರಿಕೆ ತಂದು ಓದಿ ಹೇಳಿದ. ಅವನು ಓದುತ್ತಾ ಹೋದ, ನಾನು ಟ್ಯೂಬ್ ಉಜ್ಜುತ್ತಾ ಕೇಳುತ್ತಿದ್ದೆ. ಸ್ಕಿಲಾಚಿಯದು ಬಡ ಮನೆ. ಓದು ಅರ್ಧಕ್ಕೇ ನಿಂತಿತು. ಹುಡುಗನಾಗಿದ್ದಾಗ ಟೈರ್ ಅಂಗಡಿಯಲ್ಲಿ ಕೆಲಸ. ನಾನು ಉಜ್ಜುವುದನ್ನು ನಿಲ್ಲಿಸಿದೆ. ಇನ್ನೊಂದು ಸಲ ಓದು ಅಂದೆ. ಹೌದು, ಟೈರ್ ಅಂಗಡಿಯೇ. ವಿಶ್ವಕಪ್‌ನಲ್ಲಿ ಗೋಲು ಹೊಡೆಯುತ್ತಿರುವವನಿಗೆ ರಿಮ್ಮಿನಿಂದ ಟೈರಿನ ಅಂಚು, ಅಂದರೆ ಬೀಡ್, ಬಿಡಿಸುವುದು ಗೊತ್ತು, ಲಿವರ್ ಹಿಡಿಯುವುದು ಗೊತ್ತು, ಸಂಜೆ ಎಷ್ಟು ಸೋಪು ಹಚ್ಚಿದರೂ ಬೆರಳ ಸಂದಿಯ ಕಪ್ಪು ಹೋಗುವುದಿಲ್ಲ ಅನ್ನೋದು ಗೊತ್ತು. ಆ ಪುಟವನ್ನು ಕೇಳಿ ಇಸಿದುಕೊಂಡೆ. ಇವತ್ತಿಗೂ ನನ್ನ ಲೆಕ್ಕದ ಪುಸ್ತಕದಲ್ಲಿ ಇದೆ.

ಅವನು ಮೊದಲು ಆಡಿದ್ದು ಪಲೆರ್ಮೊದ ನಗರ ಸಾರಿಗೆ ಕಂಪನಿಯ ತಂಡಕ್ಕೆ. ಅಮಾತ್ ಅಂತ ಅದರ ಹೆಸರು. ಬಸ್ಸಿನವರ ತಂಡ! ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಅಂತ ಕಾರ್ಖಾನೆ ತಂಡಗಳ ಆಟ ನೋಡಿ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆ ತಂಡದ ಆಟ ಅಂದರೆ ಪೇಪರಿನಲ್ಲಿ ಎರಡು ಸಾಲು. ಅದೂ ಜಾಗ ಉಳಿದರೆ.

1982ರಲ್ಲಿ ಅವನು ಮೆಸ್ಸೀನಾಕ್ಕೆ ಹೋದ. ಅದೂ ಸಿಸಿಲಿಯದೇ ಊರು, ಜಲಸಂಧಿಯ ದಡದಲ್ಲಿದೆ. ಆಚೆ ದಡಕ್ಕೆ ನೋಡಿದರೆ ಇಟಲಿಯ ಮುಖ್ಯ ನೆಲ ಕಾಣುತ್ತದೆ. ತಂಡ ಇದ್ದದ್ದು ನಾಲ್ಕನೇ ದರ್ಜೆಯ ಲೀಗಿನಲ್ಲಿ. ಅಲ್ಲಿಂದ ಮೂರನೆಯದಕ್ಕೆ ಬಂತು. 1986ರಲ್ಲಿ ಎರಡನೆಯದಕ್ಕೆ, ಅಂದರೆ ಸೀರಿ ಬಿಗೆ ಏರಿತು. ಎಲ್ಲ ಮೆಟ್ಟಿಲನ್ನೂ ಸ್ಕಿಲಾಚಿ ತಂಡದ ಜೊತೆಗೇ ಹತ್ತಿದ. ಏಳು ವರ್ಷ ಅಲ್ಲೇ ಇದ್ದ. 219 ಲೀಗ್ ಪಂದ್ಯ ಆಡಿ 61 ಗೋಲು ಹೊಡೆದ. ಸೀರಿ ಬಿಯ ಮೊದಲ ವರ್ಷ ಅವನಿಗೆ ಸಿಕ್ಕಿದ್ದು ಬರೀ 3 ಗೋಲು. ಆಗ ಅವನಿಗೆ 22. ಆ ವಯಸ್ಸಿಗೆ ವರ್ಷಕ್ಕೆ ಮೂರು ಗೋಲು ಹೊಡೆದ ಫಾರ್ವರ್ಡ್‌ನನ್ನು ನಮ್ಮಲ್ಲಾದರೆ ಬೆಂಚಿನಲ್ಲೂ ಕೂರಿಸುವುದಿಲ್ಲ. ಮುಂದಿನ ವರ್ಷ 13 ಹೊಡೆದ. ಅದರ ಮುಂದಿನ ವರ್ಷ 23, ಇಡೀ ಸೀರಿ ಬಿಯಲ್ಲಿ ಎಲ್ಲರಿಗಿಂತ ಜಾಸ್ತಿ.

ಆ 23 ಗೋಲಿನ ವರ್ಷ ಮೆಸ್ಸೀನಾದ ಕೋಚ್ ಜ್ಡೆನೆಕ್ ಜೆಮಾನ್. ಪ್ರಾಗ್‌ನಲ್ಲಿ ಹುಟ್ಟಿ ಸಿಸಿಲಿಗೆ ಬಂದು ನೆಲೆಸಿದ ಮನುಷ್ಯ. ಆಟಗಾರರನ್ನು ಸ್ಟೇಡಿಯಂ ಮೆಟ್ಟಿಲುಗಳ ಮೇಲೆ ಓಡಿಸಿ ಓಡಿಸಿ ಕಾಲು ಗಟ್ಟಿ ಮಾಡಿಸುವುದಕ್ಕೆ ಹೆಸರಾದವರು. ಅದಕ್ಕೆ ಮುಂಚಿನ ಕೋಚ್ ಫ್ರಾಂಕೊ ಸ್ಕೋಲ್ಯೊ. ಈ ಇಬ್ಬರ ಕೈಯಲ್ಲಿ ಅವನು ಪಳಗಿದ. ರೋಮ್‌ನ ಆ ಹೆಡ್ಡರ್ ನಾವು ನೋಡಿದ್ದು ಒಂದು ಗಳಿಗೆ. ಅದರ ಹಿಂದೆ ನಾವು ನೋಡದ 219 ಪಂದ್ಯ ಇದ್ದವು ಸಾರ್. ಒಂದು ತಿಂಗಳು ಅಂದರೆ ಆ ಏಳು ವರ್ಷವನ್ನು ಎಲ್ಲಿ ಹಾಕುತ್ತೀರಿ?

1989ರಲ್ಲಿ ಯುವೆಂಟಸ್ ಅವನನ್ನು ಕರೆಸಿಕೊಂಡಿತು. ಅದು ಉತ್ತರದ ಟ್ಯೂರಿನ್ ಊರಿನ ತಂಡ, ಫಿಯಟ್ ಕಾರಿನ ಆನ್ಯೆಲ್ಲಿ ಮನೆತನದ್ದು. ಆ ಕಾರ್ಖಾನೆಗಳಿಗೆ ದಕ್ಷಿಣದಿಂದ, ಸಿಸಿಲಿಯಿಂದ ಸಾವಿರಾರು ಜನ ಕೂಲಿಗೆ ಹೋಗಿ ನೆಲೆಸಿದ್ದರು. ಉತ್ತರದವರು ದಕ್ಷಿಣದವರಿಗೆ ತೆರ್ರೋನೆ ಅಂತ ಬೈಯುತ್ತಾರೆ. ಮಣ್ಣು ಅನ್ನೋ ಪದದಿಂದ ಹುಟ್ಟಿದ ಬೈಗುಳ. ಸ್ಕಿಲಾಚಿ ಅದನ್ನು ಸ್ಟೇಡಿಯಂಗಳಲ್ಲಿ ಕೇಳಿಸಿಕೊಂಡೇ ಆಡಿದ. ಮೊದಲ ವರ್ಷವೇ ಲೀಗಿನಲ್ಲಿ 15 ಗೋಲು. ಕೋಚ್ ಡೀನೊ ಜೋಫ್, 1982ರ ವಿಶ್ವಕಪ್ ಎತ್ತಿದ ಕ್ಯಾಪ್ಟನ್. ಆ ವರ್ಷ ಯುವೆಂಟಸ್ ಯುರೋಪಿನ ಕ್ಲಬ್ಬುಗಳ ಯುಇಎಫ್ಎ ಕಪ್ ಗೆದ್ದಿತು, ಇಟಲಿಯ ಕಪ್ಪನ್ನೂ ಗೆದ್ದಿತು. ವಿಶ್ವಕಪ್‌ಗೆ ಎರಡು ತಿಂಗಳು ಚಿಲ್ಲರೆ ಇದ್ದಾಗ, ಮಾರ್ಚ್ 31ರಂದು, ಸ್ವಿಟ್ಜರ್‌ಲೆಂಡ್ ಮೇಲೆ ಅವನಿಗೆ ಮೊದಲ ಸಲ ಇಟಲಿಯ ನೀಲಿ ಜೆರ್ಸಿ ಸಿಕ್ಕಿತು.

ಇನ್ನು ವಿಶ್ವಕಪ್‌ನ ಆ ಆರು ಗೋಲುಗಳ ವಿಷಯ. ಆಗಲೂ ಕೆಲವರು ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ: ಅವನಿಗೆ ಅದೃಷ್ಟ, ಚೆಂಡು ಸುಮ್ನೆ ಅವನ ಕಾಲಿಗೆ ಬಂದು ಬೀಳುತ್ತಿತ್ತು ಅಂತ. ಫಾರ್ವರ್ಡ್ ಆಡಿದವನಾಗಿ ಇದನ್ನು ನಾನು ಒಪ್ಪುವುದಿಲ್ಲ. ಜೆಕೊಸ್ಲೊವಾಕಿಯಾ ಮೇಲೆ ಒಂಬತ್ತನೇ ನಿಮಿಷದಲ್ಲಿ ಹೊಡೆದದ್ದು ನೋಡಿ. ಜೊತೆಯ ಆಟಗಾರ ಜಿಯಾನ್ನೀನಿ ಒದ್ದ ಚೆಂಡು ನೆಲಕ್ಕೆ ಬಡಿದು ಮೇಲೆದ್ದಿತು. ಮಿಕ್ಕವರು ನೋಡುತ್ತಾ ನಿಂತರು, ಇವನು ತಲೆ ಕೊಟ್ಟ. ಐರ್ಲೆಂಡ್ ಮೇಲೆ ಡೊನಡೋನಿ ಗುರಿಯಿಟ್ಟು ಒದ್ದ. ಕೀಪರ್ ಪ್ಯಾಕಿ ಬಾನರ್ ಕೈಯಿಂದ ತಳ್ಳಿದರು, ತಳ್ಳಿ ಜಾರಿದರು. ಚೆಂಡು ಬಂದ ಜಾಗದಲ್ಲಿ ಇವನಿದ್ದ. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೂ ಹಾಗೆಯೇ. ವಿಯಾಲಿ ಒದ್ದದ್ದನ್ನು ಅವರ ಕೀಪರ್ ಗೊಯ್ಕೊಚಿಯಾ ತಡೆದರು, ಇವನು ಹತ್ತಿರದಿಂದ ತಳ್ಳಿದ. ಮೂರು ಸಲವೂ ಅದೃಷ್ಟವೇ? ನಮ್ಮ ಕೋಚ್ ಇದಕ್ಕೆ ಸೆಕೆಂಡ್ ಬಾಲ್ ಅನ್ನುತ್ತಿದ್ದರು. ಗೆಳೆಯ ಒದೆಯುವ ಮೊದಲೇ ನೀನು ಓಡಬೇಕು, ಹತ್ತು ಸಲ ಓಡಿದರೆ ಒಂಬತ್ತು ಸಲ ಚೆಂಡು ಬರುವುದಿಲ್ಲ, ಆದರೂ ಹತ್ತನೇ ಸಲ ಓಡಬೇಕು ಅನ್ನುತ್ತಿದ್ದರು. ಆ ಒಂಬತ್ತು ಓಟ ಟಿ.ವಿ.ಯಲ್ಲಿ ಕಾಣುವುದಿಲ್ಲ.

ಉರುಗ್ವೆ ಮೇಲಿನ ಗೋಲನ್ನು ಮಾತ್ರ ಯಾರೂ ಅದೃಷ್ಟ ಅನ್ನಲಾರರು. 65ನೇ ನಿಮಿಷ. ಬಾಕ್ಸಿನ ಹೊರಗಿಂದ ಎಡಗಾಲಿನಲ್ಲಿ ಒದ್ದ. ಚೆಂಡು ಮೇಲೆ ಹೋಗಿ ಕೀಪರ್ ತಲೆ ದಾಟಿ ಇಳಿಯಿತು. ಆವತ್ತು ನಾವು ತೊಡೆ ತಟ್ಟಿಕೊಳ್ಳುವುದನ್ನು ಮರೆತು ಕೂಗಿಬಿಟ್ಟೆವು. ಒಳಗಿಂದ ಅಜ್ಜಿ ಎದ್ದು ಬಂದರು. ಬೈಯಲಿಲ್ಲ. ನಿಂತುಕೊಂಡೇ ಉಳಿದ ಆಟ ನೋಡಿದರು. ಐರ್ಲೆಂಡ್ ಪಂದ್ಯಕ್ಕೆ ಅವರೇ ಎಲ್ಲರಿಗೂ ಕಾಫಿ ಮಾಡಿಕೊಟ್ಟರು. ಆ ಕಣ್ಣಿನ ಹುಡುಗ ಆಡುತ್ತಾನಾ ಅಂತ ಕೇಳಿದ್ದರು.

ಜುಲೈ 3, ದಕ್ಷಿಣದ ಊರು ನೇಪಲ್ಸ್, ಅದೇ ಸೆಮಿಫೈನಲ್. ಅರ್ಜೆಂಟೀನಾದ ಮರಡೋನಾ ಆಗ ನೇಪಲ್ಸ್ ತಂಡಕ್ಕೇ ಆಡುತ್ತಿದ್ದ. ವರ್ಷವಿಡೀ ನಿಮ್ಮನ್ನು ಕೀಳಾಗಿ ಕಾಣುವವರು ಇವತ್ತು ಒಂದು ದಿನ ನಿಮ್ಮ ಬೆಂಬಲ ಕೇಳುತ್ತಿದ್ದಾರೆ ಅನ್ನೋ ಅರ್ಥದಲ್ಲಿ ಆ ಊರಿನವರಿಗೆ ಹೇಳಿದ್ದ. ಅವನು ಹೇಳಿದ ನೋವು ಸುಳ್ಳಲ್ಲ. ಆದರೆ ಇಟಲಿಯ ಪರವಾಗಿ ಆವತ್ತು ಗೋಲು ಹೊಡೆದವನೂ ದಕ್ಷಿಣದವನೇ, ಆ ಬೈಗುಳ ತಿಂದವನೇ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. 17ನೇ ನಿಮಿಷಕ್ಕೆ ಇಟಲಿ ಮುಂದೆ. 67ಕ್ಕೆ ಅರ್ಜೆಂಟೀನಾದ ಕನಿಜಿಯಾ ತಲೆಯಿಂದ ಸಮ ಮಾಡಿದ. ಆ ವಿಶ್ವಕಪ್‌ನಲ್ಲಿ ಇಟಲಿಯ ಕೀಪರ್ ಜೆಂಗಾ ಬಿಟ್ಟ ಮೊದಲ ಗೋಲು ಅದು. ಕೊನೆಗೆ ಪೆನಾಲ್ಟಿ. ಡೊನಡೋನಿ, ಸೆರೇನಾ ಇಬ್ಬರದನ್ನೂ ಗೊಯ್ಕೊಚಿಯಾ ತಡೆದರು. ಸ್ಕಿಲಾಚಿ ಒದೆಯಲು ಹೋಗಲಿಲ್ಲ. ಕಾಲು ಹಿಡಿದುಕೊಂಡಿತ್ತು ಅಂತ ಆಮೇಲೆ ಹೇಳಿಕೊಂಡ. ಅದನ್ನು ಹಿಡಿದು ಅವನನ್ನು ಹಂಗಿಸಿದವರುಂಟು. 120 ನಿಮಿಷ ಓಡಿದ ಕಾಲಿನ ಮಾತನ್ನು ಆ ಕಾಲಿನವನೇ ಹೇಳಬೇಕು.

ಆ ರಾತ್ರಿ ಎರಡು ಗಂಟೆ ದಾಟಿ ಮನೆಗೆ ಬಂದವನು ಬೆಳಿಗ್ಗೆ ಅಂಗಡಿಗೆ ಅರ್ಧ ಗಂಟೆ ತಡವಾಗಿ ಹೋದೆ. ಅರ್ಧ ದಿನದ ಸಂಬಳ ಹಿಡಿದರು. ಹೋಗಲಿ ಬಿಡಿ.

ಮೂರನೇ ಸ್ಥಾನದ ಪಂದ್ಯ ಬಾರಿ ಅನ್ನೋ ಊರಿನಲ್ಲಿ, ಇಂಗ್ಲೆಂಡ್ ಮೇಲೆ. ಅದನ್ನು ನೋಡಲು ನಾವು ನಾಲ್ಕೇ ಜನ ಇದ್ದೆವು. 1-1 ಆಗಿದ್ದಾಗ ಇಟಲಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬ್ಯಾಜಿಯೊ ಇದ್ದ, ಅವನಿಗಿಂತ ಚೆನ್ನಾಗಿ ಒದೆಯುವವರು ಆ ತಂಡದಲ್ಲಿ ಯಾರಿದ್ದರು? ಆದರೆ ಅವನು ಚೆಂಡನ್ನು ಸ್ಕಿಲಾಚಿಗೆ ಬಿಟ್ಟುಕೊಟ್ಟ. ಜೆಕೊಸ್ಲೊವಾಕಿಯಾದ ಸ್ಕುಹ್ರಾವಿ, ಸ್ಕಿಲಾಚಿ ಇಬ್ಬರದೂ ಐದೈದು ಗೋಲಾಗಿತ್ತು. ಈ ಆರನೆಯದರಿಂದ ಇವನು ಒಬ್ಬನೇ ಮೇಲೆ ಬಂದ. ಜಾಸ್ತಿ ಗೋಲಿನ ಗೋಲ್ಡನ್ ಬೂಟ್, ಇಡೀ ವಿಶ್ವಕಪ್‌ನ ಉತ್ತಮ ಆಟಗಾರನ ಗೋಲ್ಡನ್ ಬಾಲ್, ಎರಡೂ ಅವನಿಗೇ. ವರ್ಷದ ಉತ್ತಮ ಆಟಗಾರನಿಗೆ ಯುರೋಪಿನಲ್ಲಿ ಕೊಡುವ ಬ್ಯಾಲನ್ ಡಿ'ಓರ್‌ನ ಆ ವರ್ಷದ ಪಟ್ಟಿಯಲ್ಲಿ ಜರ್ಮನಿಯ ಮಥಾಯಸ್ ಮೊದಲು, ಇವನು ಎರಡನೆಯವನು.

ಆಮೇಲೆ ಇಳಿಮುಖ. ಅದನ್ನು ನಾನು ಮುಚ್ಚಿಡುವುದಿಲ್ಲ. ಯುವೆಂಟಸ್‌ನಲ್ಲಿ ಮುಂದಿನ ವರ್ಷ ಲೀಗಿನಲ್ಲಿ 5 ಗೋಲು, ಅದರ ಮುಂದಿನ ವರ್ಷ 6. 1992ರಲ್ಲಿ ಇಂಟರ್ ಮಿಲಾನ್‌ಗೆ ಹೋದ, ಅಲ್ಲೂ ಗಾಯಗಳೇ ಜಾಸ್ತಿ. ಹಾಗಂತ ಮರೆಯಾಗಿಬಿಟ್ಟನಾ? 1994ರಲ್ಲಿ ಜಪಾನಿನ ಜೂಬಿಲೊ ಇವಾತಾ ತಂಡಕ್ಕೆ ಹೋದ. ಯಮಾಹ ಮೋಟಾರಿನವರ ತಂಡವಾಗಿ ಹುಟ್ಟಿದ ಕ್ಲಬ್ ಅದು. ಬಸ್ ಕಂಪನಿಯ ತಂಡದಲ್ಲಿ ಶುರು ಮಾಡಿದವನು ಮೋಟಾರು ಕಂಪನಿಯ ತಂಡಕ್ಕೆ ಬಂದ! ಜೆ ಲೀಗಿನಲ್ಲಿ ಆಡಿದ ಮೊದಲ ಇಟಲಿಯವನು ಅವನೇ. 78 ಲೀಗ್ ಪಂದ್ಯಗಳಲ್ಲಿ 56 ಗೋಲು ಹೊಡೆದ. ಮುಂದೆ ಬ್ರೆಜಿಲ್ ಕ್ಯಾಪ್ಟನ್ ಡುಂಗಾ ಕೂಡ ಅದೇ ತಂಡಕ್ಕೆ ಬಂದರು. ಇದು ನಮ್ಮ ಪೇಪರುಗಳಲ್ಲಿ ಆಗ ಬರಲಿಲ್ಲ. ಬರಲಿಲ್ಲ ಅಂದ ಮಾತ್ರಕ್ಕೆ ಅವನು ಆಡಲೇ ಇಲ್ಲ ಅಂತ ಆಗುವುದಿಲ್ಲ.

ನನ್ನ ಮಂಡಿ 1993ರಲ್ಲಿ ಹೋಯಿತು. ಆಟ ಅಲ್ಲಿಗೆ ನಿಂತಿತು. ಮುಂದೆ ಸ್ವಂತ ಅಂಗಡಿ ಹಾಕಿಕೊಂಡೆ. ಇವತ್ತು ಮೂವರು ಹುಡುಗರು ನನ್ನ ಹತ್ತಿರ ಕೆಲಸ ಮಾಡುತ್ತಾರೆ. ಅವರಲ್ಲಿ ಒಬ್ಬ ಫುಟ್‌ಬಾಲ್ ಆಡುತ್ತಾನೆ, ಅವನೂ ಫಾರ್ವರ್ಡ್. ಪಂದ್ಯದ ದಿನ ಅವನಿಗೆ ರಜೆ ಕೊಡುತ್ತೇನೆ, ಸಂಬಳ ಹಿಡಿಯುವುದಿಲ್ಲ.

2024ರ ಸೆಪ್ಟೆಂಬರ್ 18ರಂದು ಆ ಹುಡುಗನೇ ಮೊಬೈಲ್ ತಂದು ತೋರಿಸಿದ. ಸಾರ್, ನಿಮ್ಮ ಪುಸ್ತಕದಲ್ಲಿರೋದು ಇವರೇ ಅಲ್ವಾ ಅಂದ. ಸ್ಕಿಲಾಚಿ ಪಲೆರ್ಮೊದಲ್ಲಿ ತೀರಿಕೊಂಡಿದ್ದ. ಕರುಳಿನ ಕ್ಯಾನ್ಸರ್. ಇನ್ನೂ 60 ತುಂಬಿರಲಿಲ್ಲ. ಆಟ ಬಿಟ್ಟ ಮೇಲೆ ಅವನು ತನ್ನ ಊರಿಗೇ ವಾಪಸ್ ಹೋಗಿ ಮಕ್ಕಳಿಗೆ ಫುಟ್‌ಬಾಲ್ ಶಾಲೆ ನಡೆಸುತ್ತಿದ್ದ. ಜನ ಕೊನೆಯ ಸಲ ನೋಡಲಿ ಅಂತ ಅವನನ್ನು ಪಲೆರ್ಮೊದ ರೆಂಜೊ ಬಾರ್ಬೆರಾ ಸ್ಟೇಡಿಯಂನಲ್ಲಿ ಇಟ್ಟರು. ಪಲೆರ್ಮೊ ತಂಡಕ್ಕೆ ಅವನು ಒಂದೇ ಒಂದು ಲೀಗ್ ಪಂದ್ಯ ಆಡಿದವನಲ್ಲ. 1990ರಲ್ಲಿ ಆ ಮೈದಾನದಲ್ಲಿ ವಿಶ್ವಕಪ್ ಪಂದ್ಯಗಳು ನಡೆದವು, ಆದರೆ ಇಟಲಿ ಅಲ್ಲಿ ಆಡಲಿಲ್ಲ. ಆದರೂ ಊರು ಅವನನ್ನು ಅಲ್ಲಿಗೇ ಕರೆದುಕೊಂಡು ಹೋಯಿತು. ಆ ವಾರ ಇಟಲಿಯ ಪಂದ್ಯಗಳಲ್ಲಿ ಒಂದು ನಿಮಿಷ ಮೌನ ಆಚರಿಸಿದರು. ನಾನು ಅಂಗಡಿಯಲ್ಲಿ ಕಂಪ್ರೆಸರ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ.

ಈಗ ಆ ಏಳನೇ ಗೋಲಿಗೆ ಬರುತ್ತೇನೆ. ವಿಶ್ವಕಪ್ ಮುಗಿದು ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಯುರೋ ಕಪ್ಪಿನ ಅರ್ಹತಾ ಪಂದ್ಯ, ನಾರ್ವೆಯ ರಾಜಧಾನಿ ಆಸ್ಲೋದಲ್ಲಿ. ಕ್ಲಬ್ಬಿನಲ್ಲಿ ಅವನಿಗೆ ಕೆಟ್ಟ ವರ್ಷ ಅದು. ನಾರ್ವೆ ಎರಡು ಗೋಲು ಹೊಡೆದಿತ್ತು. ಎರಡನೇ ಅರ್ಧದಲ್ಲಿ ಸ್ಕಿಲಾಚಿ ಒಂದನ್ನು ವಾಪಸ್ ಹೊಡೆದ. ಇಟಲಿ 2-1ರಿಂದ ಸೋತಿತು. ಆ ಯುರೋ ಕಪ್ಪಿಗೆ ಹೋಗಲೇ ಇಲ್ಲ. ವಿಚೀನಿ ಕೆಲಸ ಹೋಯಿತು, ಹೊಸ ಕೋಚ್ ಸಾಕ್ಕಿ ಇವನನ್ನು ಕರೆಯಲಿಲ್ಲ. ಸೋತ ಪಂದ್ಯದ ಗೋಲು, ಅದಕ್ಕೇ ಅದನ್ನು ಯಾರೂ ಎಣಿಸುವುದಿಲ್ಲ. ನಮ್ಮ ತಂಡದಲ್ಲೂ ಹಾಗೆಯೇ ಇತ್ತು. ಸೋತ ದಿನ ಗೋಲು ಹೊಡೆದವನ ಹೆಸರನ್ನು ಯಾರೂ ಬರೆದಿಡುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಈ ಪತ್ರ ಉದ್ದವಾಯಿತು, ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಬೇಡ. ಮುಂದಿನ ಭಾನುವಾರ ಅದೇ ಮೂಲೆಯಲ್ಲಿ ಒಂದು ತಿದ್ದುಪಡಿ ಹಾಕಿ. ಸಾಲ್ವತೋರೆ ಸ್ಕಿಲಾಚಿ, ಇಟಲಿ ಪರ 16 ಪಂದ್ಯ, 7 ಗೋಲು. ಏಳನೆಯದು 1991ರ ಜೂನ್ 5ರಂದು, ಆಸ್ಲೋದಲ್ಲಿ.

ಇಂತಿ ನಿಮ್ಮ ಓದುಗ,
ಟೈರ್ ಅಂಗಡಿಯವನು
ಆಸ್ಟಿನ್ ಟೌನ್, ಬೆಂಗಳೂರು